ಪೆನ್ ಕೋವ್ ಓರ್ಕಾ ಸೆರೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಡ್ಬಿ ದ್ವೀಪದ ಬಳಿ, ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ 1970ರ ಆಗಸ್ಟ್ 8ರಂದು ಸಾಗರ ಉದ್ಯಾನಗಳ ಪ್ರದರ್ಶನಕ್ಕೆಂದು ಓರ್ಕಾಗಳನ್ನು (ಕೊಲೆಗಾರ ತಿಮಿಂಗಿಲಗಳನ್ನು) ಹಿಡಿದ ಘಟನೆ. ಟೆಡ್ ಗ್ರಿಫಿನ್ ಮತ್ತು ಡಾನ್ ಗೋಲ್ಡ್ಸ್‌ಬೆರಿ ತಂಡ ದೋಣಿ, ವಿಮಾನ, ಸಿಡಿಮದ್ದುಗಳಿಂದ ಹಿಂಡುಗಳನ್ನು ಅಟ್ಟಿ ಬಲೆ ಹಾಕಿತು. ಸಾಗಿಸಲು ಸುಲಭವೆಂದು ಬೇಕಾಗಿದ್ದುದು ಮರಿಗಳೇ. ಇಲ್ಲಿನ ನೆಲೆವಾಸಿ ಓರ್ಕಾಗಳು ಬದುಕಿಡೀ ತಾಯಿಯ ಹಿಂಡಿನಲ್ಲೇ ಇರುವಂಥವು. ಹಾಗಾಗಿ ಆ ದಿನ ಒಡೆದದ್ದು ಕುಟುಂಬಗಳು. ಏಳು ಮರಿಗಳು ಉದ್ಯಾನಗಳ ಪಾಲಾದವು. ಕಾರ್ಯಾಚರಣೆಯಲ್ಲಿ ಸತ್ತ ಓರ್ಕಾಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ ಮುಳುಗಿಸಲಾಯಿತು. ಕೆಲ ತಿಂಗಳ ಬಳಿಕ ಕಳೇಬರಗಳು ದಡ ಸೇರಿದಾಗ ಈ ಕ್ರೌರ್ಯ ಬಯಲಾಯಿತು.

ಸೆರೆಸಿಕ್ಕ ಟೊಕಿಟೆ ಎಂಬ ಹೆಣ್ಣು ಮರಿ 'ಲೋಲಿಟಾ' ಹೆಸರಿನಲ್ಲಿ ಮಯಾಮಿ ಸೀಕ್ವೇರಿಯಂನಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಕಳೆಯಿತು. ಸುಮಾರು 6 ಮೀಟರ್ ಉದ್ದದ ಆ ದೇಹಕ್ಕೆ ಸಿಕ್ಕ ಕೊಳದ ಉದ್ದ ಸುಮಾರು 24 ಮೀಟರ್, ಗರಿಷ್ಠ ಆಳ 6 ಮೀಟರ್. ಸಂಗಾತಿ ಹ್ಯೂಗೊ 1980ರಲ್ಲಿ ಸತ್ತ ಮೇಲೆ ಅದು ಮತ್ತೊಂದು ಓರ್ಕಾದೊಡನೆ ಬದುಕಲೇ ಇಲ್ಲ. ಅದನ್ನು ಬಂಧುವೆಂದೇ ಭಾವಿಸಿದ ಲಮ್ಮಿ ಮೂಲನಿವಾಸಿಗಳು ಬಿಡುಗಡೆಗೆ ಹೋರಾಡಿದರು. ತವರಿನ ಕಡಲಿಗೆ ಮರಳಿಸುವ ಯೋಜನೆ 2023ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಆದರೆ ಅದೇ ವರ್ಷದ ಆಗಸ್ಟ್ 18ರಂದು ಟೊಕಿಟೆ ಕೊಳದಲ್ಲೇ ಸತ್ತಿತು. ವಾಷಿಂಗ್ಟನ್ ಕಡಲಲ್ಲಿ ಓರ್ಕಾ ಹಿಡಿಯುವುದು 1976ರಲ್ಲೇ ನಿಂತಿತ್ತು. ಆದರೆ ಮರಿಗಳನ್ನು ಕಳೆದುಕೊಂಡ ದಕ್ಷಿಣದ ನೆಲೆವಾಸಿ ಹಿಂಡುಗಳು ಇಂದಿಗೂ ಚೇತರಿಸಿಕೊಂಡಿಲ್ಲ. 2005ರಿಂದ ಅವು ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿವೆ.