ಹುಣಸೆಯ ಹುಳಿಯಿಂದ ಕಿಡ್ನಿಯ ಗುಟ್ಟಿನವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳು 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಜಿಲ್ಲೆ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡಗಳ, ಅಂದರೆ ಕಿಡ್ನಿಗಳ ಕೆಲಸ. ಅವು ಸೋತರೆ ಅದು ದೇಹದಲ್ಲೇ ಹೆಚ್ಚು ಉಳಿದುಬಿಡುತ್ತದೆ. ಆದರೆ ಕಿಡ್ನಿ ಸೋಲುವಾಗ ಸದ್ದು ಮಾಡುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಒಳಗೊಳಗೇ ಅದನ್ನು ತಿನ್ನುತ್ತವೆ. ಕಾಲು ಊದಿಕೊಂಡ ಮೇಲೆ ನಾವು ಆಸ್ಪತ್ರೆಯ ಬಸ್ಸು ಹತ್ತುತ್ತೇವೆ.

ಈ ಸೋಲನ್ನು ಮೊದಲೇ ಅರಿಯಬಲ್ಲ ಹೊಸ ದಾರಿಯೊಂದನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅದರ ಚರಿತ್ರೆ ಆರಂಭವಾಗುವುದು ನಮ್ಮ ಸಾರಿಗೆ ರುಚಿ ಕೊಡುವ ಒಂದು ಹುಳಿಯಿಂದ.

ಹುಣಸೆಯನ್ನು ಅರಬರು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಅದರ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಅದು ದ್ರಾಕ್ಷಿಯಲ್ಲೂ ಉಂಟು. 1848ರಲ್ಲಿ ಪ್ಯಾರಿಸ್‌ನಲ್ಲಿ 25ರ ಹರೆಯದ ಲೂಯಿ ಪಾಶ್ಚರ್ ಈ ಆಮ್ಲದ ಒಂದು ಬಗೆಯ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಹರಳುಗಳಲ್ಲಿ ಎರಡು ಜಾತಿ ಕಂಡವು. ನಮ್ಮ ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಬಿಂಬ. ಅವನ್ನು ಒಂದೊಂದಾಗಿ ಕೈಯಿಂದಲೇ ಬೇರ್ಪಡಿಸಿ ನೀರಲ್ಲಿ ಕರಗಿಸಿದಾಗ, ಒಂದು ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ.

ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಿಗೂ, ಗ್ಲೈಸಿನ್ ಒಂದನ್ನು ಬಿಟ್ಟು, ಇಂಥ ಎರಡು ರೂಪಗಳಿವೆ. ನಮ್ಮ ದೇಹ ಪ್ರೋಟೀನು ಕಟ್ಟುವುದು ‘ಎಲ್’ ಎಂಬ ಎಡ ರೂಪದಿಂದ. ‘ಡಿ’ ಎಂಬ ಬಲ ರೂಪ ದೇಹಕ್ಕೆ ಹೊರಗಿನದೆಂದೇ ಬಹುಕಾಲ ನಂಬಲಾಗಿತ್ತು. ಆದರೆ 1935ರಲ್ಲಿ ಹನ್ಸ್ ಕ್ರೆಬ್ಸ್, ಈ ಡಿ ರೂಪವನ್ನು ಒಡೆಯುವ ಕಿಣ್ವವೊಂದು ಕಿಡ್ನಿಯಲ್ಲಿದೆ ಎಂದು ತೋರಿಸಿದರು. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ನಾಜಿಗಳ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಬಂದು ಆಶ್ರಯ ಪಡೆದವರು ಅವರು. ಇಲ್ಲದ ವಸ್ತುವನ್ನು ಕತ್ತರಿಸಲು ದೇಹಕ್ಕೆ ಕತ್ತರಿ ಯಾಕೆ? ಉತ್ತರದ ಒಂದು ಎಳೆ ಸಿಕ್ಕಿದ್ದು 1992ರಲ್ಲಿ. ಜಪಾನಿನ ವಿಜ್ಞಾನಿಗಳು ಇಲಿಯ ಮೆದುಳಿನಲ್ಲಿ ಡಿ-ಸೆರೀನ್ ಸಾಕಷ್ಟಿರುವುದನ್ನು ಕಂಡರು. ಅದು ದೇಹವೇ ತಯಾರಿಸುವ ವಸ್ತು ಎಂಬುದು ಮುಂದೆ ಖಚಿತವಾಯಿತು.

ಆರೋಗ್ಯವಂತ ಕಿಡ್ನಿ ಎಡಬಲಗಳನ್ನು ಚೆನ್ನಾಗಿ ಬಲ್ಲದು. ಎಲ್-ಸೆರೀನನ್ನು ಬಹುಪಾಲು ರಕ್ತಕ್ಕೆ ಹಿಂದಿರುಗಿಸಿ, ಡಿ-ಸೆರೀನನ್ನು ಹೆಚ್ಚಾಗಿ ಮೂತ್ರದಲ್ಲಿ ಬಿಟ್ಟುಬಿಡುತ್ತದೆ. ಕಿಡ್ನಿ ದುರ್ಬಲವಾದಂತೆ ರಕ್ತದಲ್ಲಿ ಡಿ-ಸೆರೀನ್ ಏರುತ್ತದೆ. ಇದು ಹೆಚ್ಚಿದ್ದ ರೋಗಿಗಳಲ್ಲಿ ಕಾಯಿಲೆ ಬೇಗ ಉಲ್ಬಣಿಸಿತೆಂದು 2016ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು.

ಇದರಿಂದ ನಮಗೇನು ಎಂದು ಓದುಗರು ಕೇಳಬಹುದು. ಇಂದು ಎಲ್ಲೆಡೆ ನಡೆಯುವುದು ಕ್ರಿಯಾಟಿನಿನ್ ಪರೀಕ್ಷೆ. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಂದುವವರೆಗೂ ಅದು ಸರಿಯಾಗಿದೆ ಎಂದೇ ತೋರಿಸಬಹುದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಶೇಂಗಾ ಹೊಲದಲ್ಲಿ ಬೆಂದ, ಗುಳೆ ಹೋಗಿ ಕಲ್ಲುಮಣ್ಣು ಹೊತ್ತು ಸೊರಗಿದ ದೇಹದಲ್ಲಿ ಸ್ನಾಯುವೇ ಕಡಿಮೆ. ಹಾಗಾಗಿ ಬಡವರ ಚೀಟಿಯಲ್ಲಿ ‘ನಾರ್ಮಲ್’ ಎಂಬ ಅಂಕಿ ಮೋಸ ಮಾಡಬಲ್ಲದು. ಡಿ-ಸೆರೀನ್ ಸ್ನಾಯುವಿನ ಹಂಗಿಗೆ ಅಷ್ಟಾಗಿ ಒಳಪಟ್ಟಿಲ್ಲ ಎಂಬುದೇ ಅದರ ಮೇಲಿನ ಭರವಸೆಗೆ ಕಾರಣ.

ಕನ್ನಡಿಬಿಂಬಗಳನ್ನು ಬೇರ್ಪಡಿಸಿ ಅಳೆಯಲು ದುಬಾರಿ ಯಂತ್ರ ಬೇಕು. ನಮ್ಮ ತಾಲೂಕು ಆಸ್ಪತ್ರೆಗಳ ದಿನನಿತ್ಯದ ತಪಾಸಣೆ ಅದಲ್ಲ. ಅದು ಬರುವ ತನಕ ಕಾಯುವ ಅಗತ್ಯವೂ ಇಲ್ಲ. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದು ನೋಡುವ ಅಗ್ಗದ ಪರೀಕ್ಷೆ ಈಗಲೇ ಉಂಟು, ಕ್ರಿಯಾಟಿನಿನ್ ಮುಚ್ಚಿಟ್ಟದ್ದನ್ನು ಅದು ಎಷ್ಟೋ ಸಲ ಮೊದಲೇ ಹೇಳುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಎರಡನ್ನೂ ಮಾಡಿಸಿಕೊಳ್ಳಬೇಕು. ಕೂಲಿ ಬಿಟ್ಟು ಒಂದು ದಿನ ಹೋಗುವುದು ಕಷ್ಟವೇ. ಡಯಾಲಿಸಿಸ್ಸಿಗೆ ಬಿದ್ದರೆ ವಾರಕ್ಕೆ ಎರಡು ಮೂರು ದಿನದ ಕೂಲಿ ಹೋಗುತ್ತದೆ, ಬದುಕಿರುವಷ್ಟು ಕಾಲ.