ಸೊಂಟದ ಮುಂದೊಂದು, ಬೆನ್ನಿಗೊಂದು: ಕೊಡವರ ಕತ್ತಿಗಳು

ಕೊಡವ ಗಂಡಸಿನ ಸಾಂಪ್ರದಾಯಿಕ ಉಡುಪಿನಲ್ಲಿ ಕಪ್ಪು ಕುಪ್ಯ (ನಿಲುವಂಗಿ), ಕೆಂಪು ರೇಷ್ಮೆಯ ಚೇಲೆ (ಸೊಂಟಪಟ್ಟಿ) ಎಷ್ಟು ಮುಖ್ಯವೋ ಚೇಲೆಗೆ ಸಿಕ್ಕಿಸುವ ಪೀಚೆಕತ್ತಿಯೂ ಅಷ್ಟೇ ಮುಖ್ಯ. ಗಾತ್ರದಲ್ಲಿ ಚಿಕ್ಕದು, ಅಲಂಕಾರದಲ್ಲಿ ದೊಡ್ಡದು. ಹಿಡಿಗೆ ಬೆಳ್ಳಿ, ದಂತ ಅಥವಾ ಕೊಂಬು. ಒರೆಗೆ ಬೆಳ್ಳಿಯ ಕಟ್ಟು. ಅದಕ್ಕೆ ಜೋಡಿಸಿದ ಸರಪಳಿಯ ತುದಿಯನ್ನು ಸ್ವಲ್ಪ ಬಾಗಿ ನೋಡಿ. ಹಳೆಯ ಪೀಚೆಕತ್ತಿಗಳಲ್ಲಿ ಅಲ್ಲಿ ಪುಟ್ಟ ಚಿಮಟ, ಕಿವಿಕಡ್ಡಿಗಳೂ ತೂಗುತ್ತಿರುತ್ತವೆ! ಆಯುಧಕ್ಕಿಂತ ಇದು ಒಡವೆಯೇ ಎನ್ನಬೇಕು.

ಬೆನ್ನಿಗೆ ಸಿಕ್ಕಿಸುವ ಒಡಿಕತ್ತಿಯ ಗುಣ ಬೇರೆ. ಅಗಲವಾದ, ಮುಂದಕ್ಕೆ ಬಾಗಿದ ಅಲಗು. ಹರಿತವಿರುವುದು ಬಾಗಿನ ಒಳಬದಿಗೆ. ತೂಕವೆಲ್ಲ ತುದಿಯ ಕಡೆ ಇರುವುದರಿಂದ ಬೀಸಿದರೆ ಏಟು ತಾನಾಗಿಯೇ ಬಲ ಪಡೆಯುತ್ತದೆ. ಇದಕ್ಕೆ ಒರೆಯಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡ ‘ತೊಡಂಗ್’ ಎಂಬ ಹಿತ್ತಾಳೆಯ ಕೊಂಡಿಗೆ ಅದನ್ನು ಸಿಕ್ಕಿಸುತ್ತಾರೆ. ಒಂದು ಕಾಲದಲ್ಲಿ ಯುದ್ಧಕ್ಕೂ ಕಾಡಿನ ದಾರಿಗೂ ಬೇಕಾಗಿದ್ದ ಈ ಕತ್ತಿಗೆ ಇಂದು ಉಳಿದಿರುವ ಮುಖ್ಯ ಕೆಲಸ ಮದುವೆಯಲ್ಲಿ: ನೆಟ್ಟ ಬಾಳೆದಿಂಡನ್ನು ಒಂದೇ ಏಟಿಗೆ ತುಂಡರಿಸುವುದು. ಎರಡನೇ ಏಟು ಬೇಕಾದರೆ ನೆಂಟರು ಸುಮ್ಮನಿರುವುದಿಲ್ಲ.

ಭತ್ತದ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿ, ಕತ್ತಿಗಳಿಗೆ ಪೂಜೆ. ಕೋವಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸುತ್ತಾರೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.