ಶಹಾಬಾದಿ ಫರಶಿಯ ಕೆಳಗೆ

ಪುಣೆ, ಮುಂಬೈಗಳ ಹಳೆಯ ಮನೆಗಳಲ್ಲಿ ಕಾಣುವ ಬೂದುಬಣ್ಣದ ಕಲ್ಲಿನ ನೆಲವನ್ನು ಮರಾಠಿಗರು ‘ಶಹಾಬಾದಿ ಫರಶಿ’ ಎನ್ನುತ್ತಾರೆ. ಆ ಶಹಾಬಾದ ಕಲಬುರಗಿ ಜಿಲ್ಲೆಯ ಊರು. ಬಳಕೆಯಲ್ಲಿ ಊರಿನ ಹೆಸರು ಸವೆದು ಕಲ್ಲಿನ ಹೆಸರಾಗಿದೆ. ‘ಫರ್ಶ್’ ಅರಬ್ಬಿ ಮೂಲದ ಪದ, ಹಾಸಿದ್ದು ಎಂದು ಅರ್ಥ. ಕನ್ನಡದ ‘ಹಾಸುಗಲ್ಲು’ ಹೇಳುವುದೂ ಅದನ್ನೇ. ಹಾಸಬೇಕಾದರೆ ಕೆಳಗೊಂದು ಆಧಾರ ಬೇಕು. ಆ ಆಧಾರ ಬದಲಾದಂತೆಲ್ಲ ಈ ಕಲ್ಲಿನ ಪಾಡೂ ಬದಲಾಗಿದೆ.

ಭೀಮಾ ನದಿಯ ಸೀಮೆಯ ಸುಣ್ಣದ ಕಲ್ಲು ಪದರ ಪದರವಾಗಿ ಕೂತದ್ದು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಹಲಗೆಯಂತೆ ಏಳುತ್ತದೆ. ಪುಣೆಯ ಸುತ್ತಲಿನ ಕರಿಕಲ್ಲು ಗೋಡೆಗೆ ಗಟ್ಟಿ, ಆದರೆ ಹೀಗೆ ತೆಳುವಾಗಿ ಸೀಳುವುದಿಲ್ಲ. ಮುಂಬೈಯಿಂದ ಪುಣೆ, ಸೊಲ್ಲಾಪುರ, ಕಲಬುರಗಿ, ಶಹಾಬಾದಗಳ ಮೂಲಕ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ನಿಜಾಮರ ರಾಜ್ಯದ ಈ ಕಲ್ಲಿಗೆ ದೂರದ ನಗರಗಳ ದಾರಿ ತೆರೆಯಿತು.

ನೆಲಮಹಡಿಯಲ್ಲಿ ಹಾಸುವ ಕ್ರಮ ಸರಳ. ಮಣ್ಣು ತುಂಬಿ, ನೀರು ಹಾಕಿ ದಮ್ಮಸು ಮಾಡಿ, ಮೇಲೆ ಕಲ್ಲುಚೂರು ಮತ್ತು ಸುಣ್ಣದ ಗಾರೆ. ಕಲ್ಲುಗಳ ದಪ್ಪ ಒಂದೇ ಸಮ ಇರುವುದಿಲ್ಲವಾದ್ದರಿಂದ ಗಾರೆಯ ಹಾಸು ದಪ್ಪವಾಗಿರಲೇಬೇಕು. ಕಲ್ಲಿನ ಏರಿಳಿತವನ್ನು ಅದು ನುಂಗಿಕೊಳ್ಳುತ್ತದೆ. ಮಣ್ಣು ಸರಿಯಾಗಿ ಕೂರದಿದ್ದರೆ ಒಂದೆರಡು ಮಳೆಗಾಲದಲ್ಲೇ ಕಲ್ಲು ಕುಸಿದು ಅಲುಗುತ್ತದೆ. ಹಾಗಾದಾಗ ಕಲ್ಲೆತ್ತಿ ಮತ್ತೆ ಕೂರಿಸಬಹುದು.

ಮೇಲಿನ ಮಹಡಿಯ ಲೆಕ್ಕ ಬೇರೆ. ಒಂದಂಗುಲ ದಪ್ಪದ ಶಹಾಬಾದಿ ಕಲ್ಲು ಚದರಡಿಗೆ ಸುಮಾರು 6 ಕೆ.ಜಿ. ತೂಗುತ್ತದೆ, ಗಾರೆ ಬೇರೆ. ಮರದ ತೊಲೆಗಳು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತವೆ, ಭಾರಕ್ಕೆ ಬಾಗುತ್ತವೆ. ಮರ ಬಾಗಬಲ್ಲದು, ಕಲ್ಲು ಬಾಗದು. ಸಂದು ಬಿಡುತ್ತದೆ, ನೀರು ಇಳಿದು ತೊಲೆ ಕೊಳೆಯುತ್ತದೆ.

ಉಕ್ಕಿನ ತೊಲೆಗಳು ಬಂದಾಗ ಮುಂಬೈಯ ಕಟ್ಟುವವರು ಇನ್ನೊಂದು ದಾರಿ ಹಿಡಿದರು. ತೊಲೆಯಿಂದ ತೊಲೆಗೆ ಕಲ್ಲಿನ ಹಲಗೆ ಹೊದಿಸಿ, ಅದರ ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಕಾಂಕ್ರೀಟು ಬಡಿದು ಗಟ್ಟಿ ಮಾಡಿದರು. ಇದಕ್ಕೆ ‘ಲಾದಿ ಕೋಬಾ’ ಎಂದು ಹೆಸರು. ಕಾಲಿಗೆ ತಾಗುತ್ತಿದ್ದ ಕಲ್ಲು ಇಲ್ಲಿ ಕಾಲಿಗೆ ಕಾಣದ ಆಧಾರವಾಯಿತು. ಕೆಳಗಿನ ಮನೆಯವರಿಗೆ ಸೂರಾಯಿತು.

ಮುಂದೆ ಅದೇ ಸೀಮೆಯ ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳು ಶಹಾಬಾದ, ವಾಡಿಗಳಲ್ಲಿ ಎದ್ದವು. ಸಿಮೆಂಟಿನಿಂದ ಆರ್‌ಸಿಸಿ ಸ್ಲ್ಯಾಬು ಬಂತು, ಸಿಮೆಂಟಿನ ಟೈಲುಗಳೂ ಬಂದವು. ಮುಂಬೈಯ ಭಾರತ್ ಟೈಲ್ಸ್ ಶುರುವಾದದ್ದು 1922ರಲ್ಲಿ. ನಂತರ ಮೊಸಾಯಿಕ್, ಈಗ ವಿಟ್ರಿಫೈಡ್. ಕಲ್ಲನ್ನು ಬಚ್ಚಲಿಗೂ ಅಂಗಳಕ್ಕೂ ದೂಡಿದ್ದರಲ್ಲಿ ಅದರದೇ ಪುಡಿಯ ಪಾಲೂ ಇದೆ.

ಮುಂಬೈಯಲ್ಲಿ 1969ಕ್ಕಿಂತ ಮೊದಲು ಕಟ್ಟಿದ ಎಷ್ಟೋ ಕಟ್ಟಡಗಳು ದುರಸ್ತಿ ಸೆಸ್ ಕಟ್ಟುತ್ತ ಇಂದಿಗೂ ನಿಂತಿವೆ. ಅಲ್ಲಿ ಮನೆ ಚೆಂದ ಮಾಡುವಾಗ ಹಳೆಯ ನೆಲ ಒಡೆಯುವ ಖರ್ಚು, ಧೂಳು ಬೇಡವೆಂದು ಅದರ ಮೇಲೆಯೇ ಹೊಸ ಟೈಲು ಅಂಟಿಸುವುದು ಸುಲಭದ ದಾರಿ. ಬಾಗಿಲ ಬುಡ ಒಂದಿಷ್ಟು ಕೆತ್ತಿದರೆ ಮುಗಿಯಿತು. ಆದರೆ ಆ ತೂಕವನ್ನು ಹೊರುವುದು ಲಾದಿ ಕೋಬಾದ ಹಳೆಯ ಉಕ್ಕು. ಬಚ್ಚಲ ನೀರು ಇಳಿದು ಅದಕ್ಕೆ ತುಕ್ಕು ಹಿಡಿದಿದ್ದರೆ, ಉಬ್ಬಿದ ತುಕ್ಕಿಗೆ ಕಲ್ಲು ಬಿರಿಯುತ್ತದೆ. ಬಿರುಕು ಮೊದಲು ಕಾಣುವುದು ಕೆಳಗಿನ ಮನೆಯವರಿಗೆ, ತಲೆಯ ಮೇಲೆ.

ಆದ್ದರಿಂದ ಇಂಥ ಕಟ್ಟಡದಲ್ಲಿ ಟೈಲಿನ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಮೆಟ್ಟಿಲಿಳಿದು, ಕೆಳಗಿನ ಮನೆಯವರ ಸೂರನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಬೇಕು. ನೆಲ ಗಟ್ಟಿಯೋ ಅಲ್ಲವೋ ಅಲ್ಲಿಂದಲೇ ತಿಳಿಯುತ್ತದೆ.